ಡಾಕ್ಟರ್ ಪಲ್ಪು

ಪದ್ಮನಾಭನ್ ಪಲ್ಪು ಅವರು 1863ರಲ್ಲಿ ತಿರುವನಂತಪುರದಲ್ಲಿ ಜನಿಸಿದರು. ಅವರ ಈಳವ ಸಮುದಾಯವನ್ನು ಸಮಾಜವು ಅಂದು ಕೀಳೆಂದು ಎಣಿಸುತ್ತಿತ್ತು. ಮನೆಯಲ್ಲಿ ಕಡುಬಡತನ, ಬಾಲಕ ಪಲ್ಪು ಇತರರಿಗೆ ಪಾಠ ಹೇಳಿ ತಮ್ಮ ವಿದ್ಯಾಭ್ಯಾಸದ ವೆಚ್ಚವನ್ನು ಸಂಪಾದಿಸಿದರು. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ತಿರುವಾಂಕೂರು ಸಂಸ್ಥಾನದಲ್ಲಿ ಜಾತಿಯ ಕಾರಣದಿಂದ ಪ್ರವೇಶ ದೊರೆಯಲಿಲ್ಲ. ಅವರು ಧೃತಿಗೆಡದೆ ಮದರಾಸಿಗೆ ತೆರಳಿ ವೈದ್ಯರಾದರು. ಆಗಲೂ ತವರು ಸಂಸ್ಥಾನವು ಉದ್ಯೋಗ ನೀಡಲಿಲ್ಲ. ಮೈಸೂರು ಸಂಸ್ಥಾನವು ನೀಡಿತು. ಇಲ್ಲಿ ಅವರು ಸಿಡುಬಿನ ಲಸಿಕೆ ತಯಾರಿಕೆಯಲ್ಲಿ ದುಡಿದರು.

ತಮಗೆ ಮುಚ್ಚಿದ ಬಾಗಿಲು ಮುಂದಿನವರಿಗಾದರೂ ತೆರೆಯಲೆಂದು, 1896ರಲ್ಲಿ 13,176 ಮಂದಿಯ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದರು. 1898ರಲ್ಲಿ ಪ್ಲೇಗಿಗೆ ಅಂಜಿ ಜನರು ಬೆಂಗಳೂರನ್ನು ತೊರೆಯುತ್ತಿದ್ದಾಗ ಪಲ್ಪು ರೋಗಿಗಳ ನಡುವೆ ನಿಂತು ಸೇವೆ ಸಲ್ಲಿಸಿದರು. ಹುಟ್ಟಿದ ನಾಡು ಬೇಡವೆಂದ ಕೈಗಳು ಕನ್ನಡ ನಾಡಿನ ರೋಗಿಗಳಿಗೆ ಆಸರೆಯಾದವು. ಅವರು 1950ರಲ್ಲಿ ನಿಧನರಾದರು.