ಇರುವ ನೀರನ್ನು ಎಲ್ಲರಿಗೂ ಹಂಚಿದ ಮಹನೀಯರು

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಕೀರ್ತಿಶೇಷ ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನೊಳಗೊಂಡ ಈ ಸೀಮೆ ಮಳೆಯನ್ನೂ ಕೆರೆಯನ್ನೂ ನಂಬಿದ್ದು. ಇಲ್ಲಿ ಹುಟ್ಟಿದವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ದಖ್ಖನ್ನಿನ ಕಾಲುವೆಗಳ ನೀರು ಕೆಲವೇ ಹಳ್ಳಿಗಳ ಪಾಲಾಗುತ್ತಿದ್ದುದನ್ನು ಕಂಡು ಅವರು 1899ರಲ್ಲಿ ‘ಬ್ಲಾಕ್ ಪದ್ಧತಿ’ಯನ್ನು ಸೂಚಿಸಿದರು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಹೆಚ್ಚು, ಮಧ್ಯಮ ಹಾಗೂ ಅಲ್ಪ ನೀರು ಬೇಡುವ ಬೆಳೆಗಳನ್ನು ಸರದಿಯಂತೆ ಬೆಳೆದರೆ ಅಷ್ಟೇ ನೀರು ಅನೇಕ ಹಳ್ಳಿಗಳಿಗೆ ಒದಗುವುದೆಂಬುದು ಅದರ ಸಾರ. ಮೊದಲು ವಿರೋಧಿಸಿದ ರೈತರಿಗೆ ಅವರು ತಾಳ್ಮೆಯಿಂದ ಮನವರಿಕೆ ಮಾಡಿಕೊಟ್ಟರು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ, ನೀರು ಮಿತಿ ಮೀರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳು, ಕಟ್ಟೆಯನ್ನು ಎತ್ತರಿಸದೆಯೇ ಸಂಗ್ರಹವನ್ನು ಹೆಚ್ಚಿಸಿದವು.

ಇಂದು ಬೃಹತ್ ಗಣಕಯಂತ್ರಗಳ ಸಮೂಹದಲ್ಲಿ ಅಸಂಖ್ಯ ಕೆಲಸಗಳಿಗೆ ಕಾಲವನ್ನೂ ಸ್ಮೃತಿಕೋಶವನ್ನೂ ಹಂಚುವವರ ಮುಂದಿರುವ ಪ್ರಶ್ನೆಯೂ ಇದೇ: ಇರುವುದು ಮಿತ, ಬೇಡುವವರು ಅನೇಕ. ಇಂಥ ಹಂಚಿಕೆಗೆ ಅಮೆರಿಕದ ಡಾಂಟ್ಸಿಗ್ ಗಣಿತದ ಕ್ರಮವನ್ನು ರೂಪಿಸಿದ್ದು 1947ರಲ್ಲಿ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲೇ ನಮ್ಮವರೊಬ್ಬರು ಆ ಪ್ರಶ್ನೆಯನ್ನು ಹೊಲದಲ್ಲಿ ನಿಂತು ಬಿಡಿಸಿದ್ದರು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು 1955ರಲ್ಲಿ ಭಾರತರತ್ನರಾದರು. 1962ರಲ್ಲಿ ಕಾಲವಾಗಿ ಹುಟ್ಟೂರಿನ ಮಣ್ಣನ್ನೇ ಸೇರಿದರು. ಲೆಕ್ಕವೂ ನ್ಯಾಯವೂ ಒಂದಾದಾಗ ಕಾಯಕವೇ ದಾಸೋಹವಾಗುವುದೆಂಬ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಅವರ ಬಾಳಿನಿಂದ ಕಲಿಯಬೇಕು.