ಮೋಹನದಾಸ ಗಾಂಧಿಯವರ ಕಾಲೇಜು ಪ್ರವೇಶ

1887ರ ನವೆಂಬರಿನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಅಹಮದಾಬಾದಿನಲ್ಲಿ ಕುಳಿತವರಲ್ಲಿ ಹದಿನೆಂಟರ ಹರೆಯದ ಮೋಹನದಾಸ ಗಾಂಧಿಯೂ ಒಬ್ಬ. ಇಂಗ್ಲಿಷಿನಲ್ಲಿ 200ಕ್ಕೆ 89, ಗುಜರಾತಿಯಲ್ಲಿ 100ಕ್ಕೆ 45.5, ಗಣಿತದಲ್ಲಿ 175ಕ್ಕೆ 59, ಸಾಮಾನ್ಯ ಜ್ಞಾನದಲ್ಲಿ 150ಕ್ಕೆ 54, ಒಟ್ಟು 625ಕ್ಕೆ 247.5 ಅಂಕಗಳು ಅವನಿಗೆ ಬಂದವು. ಉತ್ತೀರ್ಣರಾದವರಲ್ಲಿ ಅವನ ಸ್ಥಾನ 404. ಧಾರವಾಡ, ಬೆಳಗಾವಿ, ಕಾರವಾರಗಳ ಹುಡುಗರೂ ಅಂದು ದಾಟಬೇಕಾಗಿದ್ದುದು ಇದೇ ಹೊಸ್ತಿಲನ್ನು. ದಾಟಿದ ಮೇಲೂ, 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ, ಅವರು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು.

ಮೋಹನದಾಸನ ಪಾಲಿಗೆ ಆ ಹೊಸ್ತಿಲಿನವರೆಗೆ ಬಂದುದೇ ದೊಡ್ಡ ಮಾತು. ಪೋರಬಂದರಿನ ಶಾಲೆಯಲ್ಲಿ ಮಗ್ಗಿಯೇ ಅವನಿಗೆ ಕಷ್ಟವಾಗಿತ್ತು. ರಾಜಕೋಟದ ಹೈಸ್ಕೂಲಿನಲ್ಲಿ ಆತ ಮಹಾ ಸಂಕೋಚದ ಹುಡುಗ. ಯಾರಾದರೂ ಮಾತನಾಡಿಸಿಯಾರೆಂದು ಅಂಜಿ, ಶಾಲೆ ಬಿಟ್ಟೊಡನೆ ಮನೆಗೆ ಓಡುತ್ತಿದ್ದ. ಹದಿಮೂರನೆಯ ವಯಸ್ಸಿನಲ್ಲಿ ಆದ ಮದುವೆಯಿಂದ ಓದಿನ ಒಂದು ವರ್ಷ ಹಾಳಾಯಿತು. ಅದನ್ನು ತುಂಬಿಕೊಡಲೆಂದು ಉಪಾಧ್ಯಾಯರೊಬ್ಬರು ಅವನನ್ನು ಮೂರನೆಯ ತರಗತಿಯಲ್ಲಿ ಆರೇ ತಿಂಗಳು ಇರಿಸಿ ನಾಲ್ಕನೆಯದಕ್ಕೆ ಏರಿಸಿದರು. ಅಲ್ಲಿ ಹೆಚ್ಚಿನ ವಿಷಯಗಳೆಲ್ಲ ಇಂಗ್ಲಿಷಿನಲ್ಲಿ, ರೇಖಾಗಣಿತವಂತೂ ಹೊಸದು. ಮತ್ತೆ ಕೆಳಗಿನ ತರಗತಿಗೇ ಇಳಿಯೋಣವೆಂದು ಅವನಿಗೆ ಅನೇಕ ಸಲ ಅನ್ನಿಸಿತು. ಆದರೆ ಹಾಗೆ ಇಳಿದರೆ ತನ್ನ ಮಾನ ಮಾತ್ರವಲ್ಲ, ತನ್ನನ್ನು ನಂಬಿ ಮೇಲಕ್ಕೇರಿಸಿದವರ ಮಾನವೂ ಹೋಗುತ್ತಿತ್ತು. ಆ ಅಂಜಿಕೆಯೇ ಅವನನ್ನು ತಡೆದು ನಿಲ್ಲಿಸಿತು. ಯೂಕ್ಲಿಡನ ಹದಿಮೂರನೆಯ ಪ್ರಮೇಯಕ್ಕೆ ಬರುವ ಹೊತ್ತಿಗೆ, ಇಲ್ಲಿ ಬೇಕಾದದ್ದು ವಿಚಾರಶಕ್ತಿಯೊಂದೇ ಎಂಬುದು ಹೊಳೆದು, ರೇಖಾಗಣಿತ ಸುಲಭವೂ ಸರಸವೂ ಆಯಿತು.

ಸಂಸ್ಕೃತದ ಗತಿ ಬೇರೆ. ಅದರಲ್ಲಿ ಯೋಚಿಸಿ ಹುಡುಕಿಕೊಳ್ಳುವುದಕ್ಕಿಂತ ಬಾಯಿಪಾಠವೇ ಹೆಚ್ಚೆಂದು ಬೇಸತ್ತು, ಪಾರಸಿ ಸುಲಭವೆಂಬ ಗೆಳೆಯರ ಮಾತು ಕೇಳಿ, ಮೋಹನದಾಸ ಒಂದು ದಿನ ಪಾರಸಿ ತರಗತಿಯಲ್ಲಿ ಹೋಗಿ ಕುಳಿತ. ಸಂಸ್ಕೃತದ ಉಪಾಧ್ಯಾಯರಾದ ಕೃಷ್ಣಶಂಕರ ಪಂಡ್ಯರು ಕಠಿಣ ಶಿಸ್ತಿನವರು. ಆದರೂ ಅವರು ಗದರಿಸಲಿಲ್ಲ, ನೊಂದುಕೊಂಡರು. ವೈಷ್ಣವನ ಮಗನೆಂಬುದನ್ನು ನೆನಪಿಸಿ, ಕಷ್ಟವಿದ್ದರೆ ತಮ್ಮ ಬಳಿಗೆ ಬರುವಂತೆ ಹೇಳಿದರು. ಹುಡುಗ ನಾಚಿ ಹಿಂತಿರುಗಿದ. ಮುಂದೆ ಗಾಂಧೀಜಿ ಪಂಡ್ಯರನ್ನು ಕೃತಜ್ಞತೆಯಿಂದ ನೆನೆದುದಲ್ಲದೆ, ಸಂಸ್ಕೃತವನ್ನು ಇನ್ನಷ್ಟು ಕಲಿಯಲಿಲ್ಲವಲ್ಲಾ ಎಂದು ಪರಿತಪಿಸಿದರು. ಮೇಲಿನ ತರಗತಿಗಳಲ್ಲಿ ದೊರೆತ ನಾಲ್ಕು ಮತ್ತು ಹತ್ತು ರೂಪಾಯಿಗಳ ವಿದ್ಯಾರ್ಥಿವೇತನವನ್ನು ಮಾತ್ರ ಅವರು ಅದೃಷ್ಟದ ಲೆಕ್ಕಕ್ಕೇ ಹಾಕಿದರು. ಅದು ಸೋರಠ ಪ್ರಾಂತದ ಹುಡುಗರಿಗೆ ಮೀಸಲಾಗಿತ್ತು. ತರಗತಿಯಲ್ಲಿ ಆ ಪ್ರಾಂತದವರು ಹೆಚ್ಚು ಮಂದಿ ಇರುವ ಸಂಭವವಿರಲಿಲ್ಲ.

ತಂದೆ ಕರಮಚಂದರು 1885ರಲ್ಲಿ ತೀರಿಕೊಂಡಿದ್ದರು. ಹೀಗಾಗಿ ಮೆಟ್ರಿಕ್ ಆದ ಮೇಲೆ ಕಾಲೇಜನ್ನು ಆರಿಸಿದ್ದು ಹುಡುಗನ ಆಸೆಯಲ್ಲ, ಮನೆಯ ಖರ್ಚು. ಮುಂಬಯಿಗಿಂತ ಭಾವನಗರ ಅಗ್ಗವಾಗಿತ್ತು. 1888ರ ಜನವರಿಯಲ್ಲಿ ಆತ ಅಲ್ಲಿಯ ಸಾಮಲದಾಸ ಕಾಲೇಜನ್ನು ಸೇರಿದ. ಅಧ್ಯಾಪಕರು ಸಮರ್ಥರೇ; ಆದರೆ ಅವರ ಉಪನ್ಯಾಸಗಳು ಅವನಿಗೆ ತಿಳಿಯಲೂ ಇಲ್ಲ, ರುಚಿಸಲೂ ಇಲ್ಲ. ಮೊದಲ ಅವಧಿ ಮುಗಿಯುತ್ತಲೇ ಮನೆಗೆ ಮರಳಿದ. ಬಿ.ಎ. ಮುಗಿಸಲು ನಾಲ್ಕೈದು ವರ್ಷ ಹಿಡಿಯುತ್ತದೆ, ಆ ಮೇಲೆ ಸಿಗುವುದು ಅರವತ್ತು ರೂಪಾಯಿಯ ನೌಕರಿ ಎಂದು ಲೆಕ್ಕ ತೋರಿಸಿದ ಕುಟುಂಬದ ಹಿತೈಷಿ ಮಾವಜಿ ದವೆಯವರು ಬ್ಯಾರಿಸ್ಟರಿ ಓದಿಗೆ ಇಂಗ್ಲೆಂಡನ್ನು ಸೂಚಿಸಿದರು. ಅಣ್ಣ ಲಕ್ಷ್ಮೀದಾಸರು ಹಣ ಹೊಂದಿಸಿದರು. ಸೆಪ್ಟೆಂಬರ್ 4ರಂದು ಮೋಹನದಾಸ ಮುಂಬಯಿಯಿಂದ ಹಡಗು ಹತ್ತಿದ.

ಲಂಡನ್ನಿನ ಕಾನೂನು ಪರೀಕ್ಷೆಗಳು ಆಗ ಸುಲಭ. ಬಿಡುವು ಬೇಕಾದಷ್ಟಿತ್ತು. ಅದನ್ನು ಅವರು ಯಾರೂ ಒತ್ತಾಯಿಸದ ಇನ್ನೊಂದು ಪರೀಕ್ಷೆಗೆ, ಲಂಡನ್ ಮೆಟ್ರಿಕ್ಯುಲೇಷನ್ನಿಗೆ, ಮುಡಿಪಾಗಿಟ್ಟರು. ಒಮ್ಮೆ ಮೆಟ್ರಿಕ್ ದಾಟಿದವರು ಮತ್ತೆ ಅದೇ ಮೆಟ್ಟಿಲಿಗೆ ಬಂದು ನಿಂತರು! ಲ್ಯಾಟಿನ್ ಕಡ್ಡಾಯ, ಜೊತೆಗೆ ಫ್ರೆಂಚ್. 1890ರ ಜನವರಿಯಲ್ಲಿ ಲ್ಯಾಟಿನ್ನಿನಲ್ಲಿ ನಪಾಸಾದರು. ಎದೆಗೆಡದೆ, ಖರ್ಚನ್ನು ಇನ್ನಷ್ಟು ತಗ್ಗಿಸಿ ಒಂದೇ ಕೋಣೆಗೆ ಇಳಿದು, ಅಡುಗೆಯನ್ನು ತಾವೇ ಮಾಡಿಕೊಂಡು, ರಸಾಯನಶಾಸ್ತ್ರದ ಬದಲು ಉಷ್ಣ ಮತ್ತು ಬೆಳಕಿನ ವಿಷಯವನ್ನು ಆರಿಸಿಕೊಂಡು ಜೂನಿನಲ್ಲಿ ತೇರ್ಗಡೆಯಾದರು. ರೋಮನ್ ನ್ಯಾಯಶಾಸ್ತ್ರವನ್ನು ಅವರು ಲ್ಯಾಟಿನ್ನಿನಲ್ಲೇ ಓದಿದರು. ರೋಮನ್-ಡಚ್ ಕಾನೂನು ನಡೆಯುತ್ತಿದ್ದ ದಕ್ಷಿಣ ಆಫ್ರಿಕದಲ್ಲಿ ವಕೀಲಿ ಮಾಡುವಾಗ ಆ ಓದು ಅವರ ಕೈಹಿಡಿಯಿತು.