ಕರ್ನಲ್ ಮೆಡೋಸ್ ಟೇಲರ್ (1808–1876)

ಫಿಲಿಪ್ ಮೆಡೋಸ್ ಟೇಲರ್ ಅವರು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. 1824ರಲ್ಲಿ ಹೈದರಾಬಾದ್ ನಿಜಾಮರ ಸೇನೆಗೆ ಸೇರಿದರು. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ನಿಯೋಜಿತರಾಗಿ, ಬಾಲಕರಾಗಿದ್ದ ರಾಜಾ ವೆಂಕಟಪ್ಪ ನಾಯಕರು 1853ರಲ್ಲಿ ಅಧಿಕಾರ ವಹಿಸಿಕೊಳ್ಳುವವರೆಗೆ ಆಡಳಿತದ ಹೊಣೆ ಹೊತ್ತರು.

ರಾಜನಕೋಳೂರಿನಲ್ಲಿ ಜನರು ಮೋರೇರ ಮನೆಗಳೆಂದು ಕರೆಯುತ್ತಿದ್ದ ಕಲ್ಲುಗೋರಿಗಳನ್ನು ಅವರು ಗುರುತಿಸಿದರು. ಜೇವರ್ಗಿಯ ಗೋರಿಗಳನ್ನು ಅಗೆಸಿ, ಮಣ್ಣಿನ ಪದರಗಳನ್ನೂ ಅಸ್ಥಿ, ಮಡಕೆಗಳು ದೊರೆತ ಸ್ಥಾನಗಳನ್ನೂ ನಕ್ಷೆಯಲ್ಲಿ ದಾಖಲಿಸಿದರು. ನಿಧಿಯ ಆಸೆಯಿಂದ ಅಗೆದಲ್ಲಿ ಅಳಿದುಹೋಗುವ ಸಾಕ್ಷ್ಯವು ಹೀಗೆ ಉಳಿಯಿತು. ಸುಮಾರು ನೂರು ವರ್ಷಗಳ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ಈ ನಕ್ಷೆಗಳನ್ನು ಕಾಲಕ್ಕಿಂತ ಮುಂದಿದ್ದ ಕಾರ್ಯವೆಂದು ಪರಿಗಣಿಸಿದರು. ಗೋರಿಗಳನ್ನು ಕಟ್ಟಿದವರು ಹೊರನಾಡಿನಿಂದ ಬಂದ ಜನಾಂಗದವರೆಂಬ ಟೇಲರ್ ಅವರ ಊಹೆಯು ಇಂದು ಒಪ್ಪಿತವಾಗಿಲ್ಲ. ಇವು ದಕ್ಷಿಣ ಭಾರತದ ಕಬ್ಬಿಣಯುಗದ ಸಂಸ್ಕೃತಿಗೆ ಸೇರಿದವುಗಳಾಗಿವೆ.

ಟೇಲರ್ ಅವರು 1876ರಲ್ಲಿ ಫ್ರಾನ್ಸ್ ದೇಶದಲ್ಲಿ ನಿಧನರಾದರು. ಚದುರಿಹೋಗಿದ್ದ ಅವರ ಲೇಖನಗಳನ್ನು ಗುಲಾಂ ಯಜ್ದಾನಿ ಅವರು ಸಂಕಲಿಸಿದ್ದು, 1941ರಲ್ಲಿ ಹೈದರಾಬಾದ್ ಪುರಾತತ್ವ ಇಲಾಖೆಯು ಗ್ರಂಥರೂಪದಲ್ಲಿ ಪ್ರಕಟಿಸಿತು.

ಜಮೀನು ಉಳುವಾಗ ಅಥವಾ ಕಟ್ಟಡದ ಪಾಯ ತೋಡುವಾಗ ಇಂತಹ ಗೋರಿಗಳು ಕಂಡುಬಂದಲ್ಲಿ, ಅಗೆಯದೆ ಇಲಾಖೆಯ ಗಮನಕ್ಕೆ ತರಲು ಸಾರ್ವಜನಿಕರನ್ನು ಕೋರಲಾಗಿದೆ.